ಕತ್ತಿನ ಚುಕ್ಕೆ, ಎದೆಯ ಚುಕ್ಕೆ

ಬೆಳವಗಳಲ್ಲಿ ಎರಡು ಜಾತಿ ಇವೆ ಎಂದು ಯಾರಾದರೂ ಹೇಳಿದ್ದರೆ ಮೂವತ್ತು ವರ್ಷದವರೆಗೂ ನಾನು ನಗುತ್ತಿದ್ದೆ. ನಮ್ಮ ಜಗಳೂರು ಕಡೆ ಜಾಲಿಯ ಮೇಲೆ ಕೂತು ಕೂಗುವ ಪಾರಿವಾಳದಂಥ ಹಕ್ಕಿಯೆಲ್ಲ ಬೆಳವ, ಅಷ್ಟೇ. ಕುರಿ ಕಾಯುವವನಿಗೆ ಅದಕ್ಕಿಂತ ಹೆಚ್ಚಿನದು ಏಕೆ ಬೇಕು?

ಅಣ್ಣ ಸಣ್ಣಪ್ಪ ಮದುವೆಯಾಗಿ ಕರೆತಂದ ಅಂತರಘಟ್ಟಮ್ಮ ಸಾಸ್ವೆಹಳ್ಳಿಯವಳು, ಹೊಳೆ ನೀರು ಕುಡಿದು ಬೆಳೆದವಳು. ಬಂದ ಮೊದಲ ವಾರವೇ, "ನಿಮ್ಮೂರಾಗೆ ಚೋರೆಹಕ್ಕಿನೇ ಇಲ್ಲ" ಅಂದಳು. ಬೆಳವಕ್ಕೇ ಅವರ ಕಡೆ ಚೋರೆ ಅನ್ನುತ್ತಾರೆ ಎಂದುಕೊಂಡಿದ್ದ ನನಗೆ ಮೈ ಉರಿಯಿತು. ಬೇಲಿ ಮುಳ್ಳಿಗೆ ರೆಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಬೆಳವವನ್ನು ಬಿಡಿಸಿ ತಂದು ಅವಳ ಮುಂದೆ ಹಿಡಿದೆ.

"ಮತ್ತೆ ಇದೇನ್ರೀ ಅತ್ತಿಗೆಮ್ಮ?"

ಅವಳು ಹಕ್ಕಿಯ ಕತ್ತನ್ನು ಬೆರಳಲ್ಲಿ ಸವರಿದಳು. "ಇದು ಅದಲ್ಲ ಕಣಪ್ಪ. ಚೋರೆಗೆ ಕತ್ತಿನ ಹಿಂದೆ ಕರೇ ಪಟ್ಟಿ ಇರ್ತೈತೆ, ಅದರ ತುಂಬ ಬಿಳೇ ಚುಕ್ಕೆ. ಇದಕ್ಕೆ ಚುಕ್ಕೆ ಎಲ್ಲ ಎದೆ ಮ್ಯಾಲೆ, ಅವೂ ಕರೇವು. ಕೂಗೂ ಬ್ಯಾರೆ. ಇದು ಕುಲುಕುಲು ನಗ್ತೈತೆ, ಅದು ಎಳೆದೆಳೆದು ಕರೀತೈತೆ."

"ಹೊಳೆ ದಂಡೆಯೋರಿಗೆ ಹಕ್ಕಿ ನೋಡಾದೇ ಕೆಲ್ಸ" ಅಂದೆ. ಅಣ್ಣನೂ ನಕ್ಕ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಎರಡು ವರ್ಷ ಕಳೆದು, ಎಂಬತ್ತಮೂರರ ಬೇಸಿಗೆ. ಊರ ಬಾವಿ ತಳ ಕಂಡಿತ್ತು. ಗುಡ್ಡದಾಚೆಯ ಕೆರೆಗೆ ಕುರಿ ಹೊಡೆಯೋಣ ಎಂದು ಪಟ್ಟು ಹಿಡಿದವನು ನಾನೇ. ಅಣ್ಣನ ಕಾಲು ಉಳುಕಿದ್ದರಿಂದ ಅತ್ತಿಗೆ ಜೊತೆಗೆ ಬಂದಳು. ಬೆಳಗಾಗುವ ಮೊದಲೇ ಹೊರಟು ಹತ್ತು ಗಂಟೆಗೆ ತಲುಪಿದರೆ ಕೆರೆ ಬಿರುಕು ಬಿಟ್ಟು ಬಿದ್ದಿತ್ತು. ಕುರಿಗಳು ಹಿಂದಿನ ಮಧ್ಯಾಹ್ನದಿಂದ ನೀರು ಕಂಡಿರಲಿಲ್ಲ. ಆ ಬಿಸಿಲಲ್ಲಿ ವಾಪಸು ನಡೆದರೆ ಮರಿಗಳು ದಾರಿಯಲ್ಲೇ ಬೀಳುತ್ತವೆ ಎಂದು ಗೊತ್ತಿತ್ತು. ನಮ್ಮ ಮನೆಯ ಬದುಕೆಲ್ಲ ಆ ಎಪ್ಪತ್ತು ಕುರಿಗಳೇ. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ.

"ವಾಪಸ್ ಹೊಡೀರಿ!" ಎಂದು ಕಿರುಚಿದೆ.

ಅತ್ತಿಗೆ ಕೈ ಎತ್ತಿದಳು. "ಸುಮ್ಕಿರು ಗೋಣೆಪ್ಪ."

ಸುತ್ತಲೂ ಬೆಳವಗಳು ಕೂಗುತ್ತಿದ್ದವು. ಅವಳು ಗುಡ್ಡದ ಕಡೆಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದಳು. "ಅಲ್ಲೊಂದು ಚೋರೆ ಐತೆ. ಅದು ಬರೀ ಒಣನೆಲದಾಗೆ ಇರಾಕಿಲ್ಲ. ಮರ ಐತೆ ಅಲ್ಲಿ, ನೀರೈತೆ."

"ಹಕ್ಕಿ ಮಾತು ಕೇಳಿ ಕುರಿ ಸಾಯಿಸ್ತೀರೇನ್ರೀ?"

ಅವಳು ಗುಡ್ಡದತ್ತ ನಡೆದಳು. ತವರಿನವರು ಉಡುಗೊರೆ ಕೊಟ್ಟಿದ್ದ ಬಿಳಿ ಮೋರೆಯ ಕುರಿ ಅವಳ ಹಿಂದೆ ಹೋಯಿತು. ಒಂದು ಹೋದ ಮೇಲೆ ಕೇಳಬೇಕೆ, ಎಲ್ಲವೂ ಹೋದವು. ನಾನು ಬೈಯುತ್ತ ಕೋಲು ಹಿಡಿದು ಓಡಿದೆ.

ಎರಡು ಬಂಡೆಗಳ ಸಂದಿಯಲ್ಲಿ ಇಳಿದಾಗ ನನ್ನ ಬೈಗುಳ ಅರ್ಧಕ್ಕೇ ನಿಂತಿತು. ದಟ್ಟವಾದ ಹೊಂಗೆ ಮರಗಳು. ಅವುಗಳ ನೆರಳಲ್ಲಿ ಕಲ್ಲಿನ ಮೆಟ್ಟಿಲಿದ್ದ ಹಳೆಯ ಹೊಂಡ. ಅದರಲ್ಲಿ ಮೊಣಕಾಲುದ್ದ ನೀರು. ಹುಟ್ಟಿದಾಗಿನಿಂದ ಈ ಸೀಮೆಯಲ್ಲಿ ತಿರುಗಿದ್ದೇನೆ, ಇಲ್ಲಿಗೆ ಒಮ್ಮೆಯೂ ಇಳಿದಿರಲಿಲ್ಲ. ಕುರಿಗಳು ಬಾಯಿ ಹಾಕಿ ಸದ್ದು ಮಾಡುತ್ತ ಕುಡಿದವು.

ಆಚೆ ಮೆಟ್ಟಿಲ ಮೇಲೆ ಒಂದು ಹಕ್ಕಿ ತಲೆ ಎತ್ತದೆ ಒಂದೇ ಸಮ ನೀರು ಹೀರುತ್ತಿತ್ತು. ಬಗ್ಗಿದ ಕತ್ತಿನ ಮೇಲೆ ಕರೀ ಪಟ್ಟಿ. ಅದರಲ್ಲಿ ಯಾರೋ ತಾಳ್ಮೆಯಿಂದ ಕೂತು ಸುಣ್ಣದ ಕಡ್ಡಿಯಲ್ಲಿ ಇಟ್ಟಂತೆ ಬಿಳಿ ಚುಕ್ಕೆಗಳು. ಎದೆಯ ಮೇಲೆ ಒಂದೂ ಇರಲಿಲ್ಲ.

"ನಿಮ್ಮ ಕಿವಿಗೆ ಕೈ ಮುಗೀಬೇಕು ಅತ್ತಿಗೆಮ್ಮ" ಎಂದು ತಿರುಗಿದರೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಕೇಳ್ತಿದ್ದೆ ಕಣಪ್ಪ, ಎಲ್ಲಾದ್ರೂ ಒಂದು ಕೂಗ್ತೈತೇನೋ ಅಂತ."

ನಾನು ಕೋಲು ಕೆಳಗಿಟ್ಟು ಎರಡು ಮೆಟ್ಟಿಲು ಕೆಳಗೆ ಕೂತೆ. ಹೊಂಗೆಯ ಮೇಲಿಂದ ಚೋರೆ ಎಳೆದೆಳೆದು ಕೂಗಿತು. ಬಂಡೆಯಾಚೆ ಬಿಸಿಲಲ್ಲಿ ನಮ್ಮ ಬೆಳವ ನಕ್ಕಿತು. ಎರಡೂ ಬೇರೆ ಬೇರೆಯಾಗಿ ಕೇಳಿಸಿದವು. ಕುರಿಗಳು ಕುಡಿದು ಮಲಗಿದ ಮೇಲೂ, ಏಳ್ರಿ ಹೋಗೋಣ ಎನ್ನಲು ನನಗೆ ಬಾಯಿ ಬರಲಿಲ್ಲ.