ಮೊದಲ ಬದಿಯ ಕೊನೆಯ ನಾಲ್ಕು ನಿಮಿಷ

ದುಪ್ಪಟಿಯ ಎರಡು ತುದಿ ನನ್ನ ಕೈಯಲ್ಲಿದ್ದವು, ಇನ್ನೆರಡು ತಮ್ಮನ ಕೈಯಲ್ಲಿ. ದೊಡ್ಡ ದುಪ್ಪಟಿ ಮಡಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ.

“ಮೆಲ್ಲಗೆ ಎಳಿಯೋ. ದುಪ್ಪಟಿ ಕಣೋ ಇದು, ನಿನ್ನ ಬಸ್ಸಿನ ಗೇರಲ್ಲ.”

“ನೀನು ಸಡಿಲ ಬಿಟ್ರೆ ನಾನೇನಕ್ಕ ಮಾಡ್ಲಿ?”

ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವನು ಅವನು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾನೆ. ಮೂರನೆಯ ದುಪ್ಪಟಿಗೆ ಬಂದಿದ್ದೆವು, ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಯಾವುದೋ ಹಾಡು ಹಾಕಿದಳು. ಮೊದಲು ಗಿಟಾರು, ಅದರ ಬೆನ್ನಿಗೇ ಆರ್ಗನ್ನು, ಕೆರೆಯ ತಳದಿಂದ ಗುಳ್ಳೆ ಏಳುವ ಹಾಗೆ. ತಮ್ಮನ ಕೈಯಿಂದ ದುಪ್ಪಟಿ ಜಾರಿತು.

ಆ ಆರ್ಗನ್ ನುಡಿಸಿದವನು ಅವನೇ.

“ಏನೇ ಅದು?” ಎಂದು ನಾನು ಗೊತ್ತಿಲ್ಲದವಳ ಹಾಗೆ ಕೂಗಿ ಕೇಳಿದೆ.

“ಸೈಕೆಡೆಲಿಕ್ ರಾಕ್, ಅಜ್ಜಿ. ನಮ್ಮೂರಿನವರೇ ಅಂತೆ. ‘ನೀರೊಳಗಿನ ಗಡಿಯಾರ’ ಅಂತ ಒಂದೇ ಆಲ್ಬಂ ಮಾಡಿದ್ರಂತೆ. ಆಗ ಯಾರೂ ಕೇಳ್ಲಿಲ್ಲ, ಈಗ ಯಾರೋ ಹುಡುಕಿ ಮತ್ತೆ ಬಿಟ್ಟಿದ್ದಾರೆ. ಹಳೇ ಪ್ಲೇಟು ಉಳಿದಿರೋದೇ ನಲವತ್ತಂತೆ!”

“ಆಫ್ ಮಾಡು ಅದನ್ನ” ಎಂದ ತಮ್ಮ.

ಚಿಕ್ಕತಾತನ ಬಾಯಲ್ಲಿ ಅಂಥ ದನಿಯನ್ನು ಅವಳು ಕೇಳಿದವಳೇ ಅಲ್ಲ. ಹಾಡು ನಿಂತಿತು. ಅವನು ದುಪ್ಪಟಿಯನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋದ. ಉಳಿದ ಅರ್ಧವನ್ನು ನಾನೊಬ್ಬಳೇ ಮಡಿಸಿದೆ, ಸೊಟ್ಟಸೊಟ್ಟಗೆ.

ನಲವತ್ತೈದು ವರ್ಷಗಳ ಹಿಂದೆ ನಾನು ಗ್ರಾಮಫೋನ್ ಪ್ಲೇಟು ಅಚ್ಚು ಹಾಕುವ ಫ್ಯಾಕ್ಟರಿಯಲ್ಲಿದ್ದೆ. ನನ್ನದು ಕೇಳುವ ಮೇಜು. ಅಚ್ಚಿನಿಂದ ಬಂದ ಪ್ರತಿ ಇಪ್ಪತ್ತೈದರಲ್ಲಿ ಒಂದು ಪ್ಲೇಟು ತೆಗೆದು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಎಲ್ಲಿ ಕಿರಿಕಿರಿ, ಎಲ್ಲಿ ಟಕ್ಕೆಂಬ ಸದ್ದು ಎಂದು ಹುಡುಕಬೇಕು. ಒಂದೇ ಜಾಗದಲ್ಲಿ ಒಂದೇ ಸದ್ದು ಮೂರು ಪ್ಲೇಟಿನಲ್ಲಿ ಕೇಳಿದರೆ ಅಚ್ಚೇ ಕೆಟ್ಟಿದೆ ಎಂದು ಲೆಕ್ಕ. ಪೆಟ್ಟಿಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗೀಟು ಎಳೆದರೆ ಮುಗಿಯಿತು, ಅಷ್ಟೂ ಪ್ಲೇಟು ಪುಡಿಯಾಗಿ ಮತ್ತೆ ಕರಗುತ್ತಿದ್ದವು. ಆ ಕೆಲಸಕ್ಕೆ ಓದು ಬರಹ ಬೇಕಿರಲಿಲ್ಲ. ನಾನು ಹೆಬ್ಬೆಟ್ಟು, ಆದರೆ ಕಿವಿ ಮಾತ್ರ ಹದ್ದಿನ ಕಣ್ಣಿನಂಥದ್ದು. “ಇವರ ಹತ್ರ ಸೊಳ್ಳೆನೂ ಚಪ್ಪಲಿ ಬಿಚ್ಚಿಟ್ಟು ಬರುತ್ತೆ” ಎಂದು ಮೇಲ್ವಿಚಾರಕರು ನಗುತ್ತಿದ್ದರು.

ತಮ್ಮನಿಗೆ ಆಗ ಇಪ್ಪತ್ತೆರಡು. ಗಿಟಾರಿನವನು ಅವನ ಜೀವದ ಗೆಳೆಯ, ಉದ್ದ ಕಾಲಿನ ಒಣಕಲ ಹುಡುಗ. ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಕೂತು ಪಾತ್ರೆಗಳನ್ನು ಬಡಿದು ಸದ್ದು ಹಿಡಿದುಕೊಂಡು ಹೋಗುತ್ತಿದ್ದ. “ಅಕ್ಕ, ಈ ಮುಚ್ಚಳಕ್ಕೆ ನಿಮ್ಮ ತಮ್ಮನಿಗಿಂತ ಒಳ್ಳೇ ಶ್ರುತಿ ಇದೆ” ಎನ್ನುತ್ತಿದ್ದ. ಅವರ ಆಲ್ಬಂ ನಮ್ಮ ಫ್ಯಾಕ್ಟರಿಗೇ ಬಂತು. ಮೊದಲ ನಲವತ್ತು ಪ್ಲೇಟು ಆತುರಾತುರವಾಗಿ ರೇಡಿಯೋದವರಿಗೆ ಹೋದವು. ಉಳಿದದ್ದನ್ನು ನನ್ನ ಮೇಜಿಗೇ ಕಳಿಸಿ ಎಂದು ನಾನೇ ಕೇಳಿಕೊಂಡೆ. ನನ್ನ ತಮ್ಮನ ಪ್ಲೇಟಿನಲ್ಲಿ ಧೂಳಿನ ಒಂದು ಕಣವೂ ಇರಬಾರದು ಎಂಬ ಹಟ ನನಗೆ.

ಮೊದಲ ಪ್ಲೇಟಿನ ಜೊತೆ ಒಂದು ಚೀಟಿ ಇತ್ತು. ಅದನ್ನು ಪಕ್ಕಕ್ಕಿಟ್ಟು ಸೂಜಿ ಇಳಿಸಿದೆ. ಮೊದಲ ಬದಿಯ ಕೊನೆಯಲ್ಲಿ ಹಾಡು ಮುಗಿದು ನಾಲ್ಕು ನಿಮಿಷ ಬರೀ ಗುಂಯ್‌ಗುಟ್ಟುವಿಕೆ, ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ನಡುವೆ ಯಾರೋ ಬಟ್ಟೆ ಹರಿದಂತೆ ಪರಪರ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಗೀಟು ಎಳೆದೆ. ಮೇಲ್ವಿಚಾರಕರು “ನಿಮ್ಮ ಕಿವಿ ಹೇಳಿದ ಮೇಲೆ ಕೇಳೋಕೆ ನಾನ್ಯಾರು?” ಎಂದು ಸಹಿ ಹಾಕಿದರು. ಹೊಸ ಅಚ್ಚು ಮಾಡಿಸುತ್ತಾರೆ ಎಂದುಕೊಂಡಿದ್ದೆ. ಆಲ್ಬಂ ಹೊರತರುತ್ತಿದ್ದ ಕಂಪನಿಯವರು, ಸದ್ದು ಟೇಪಿನಲ್ಲೇ ಇದೆ, ಇನ್ನು ಇದರ ಸಹವಾಸ ಬೇಡ ಎಂದು ಕೈತೊಳೆದುಕೊಂಡರು.

ಆ ಸಂಜೆ ತಮ್ಮ ನಮ್ಮ ಬಾಗಿಲಲ್ಲೇ ಕೊಕ್ಕರೆಯ ಕೊರಳಪಟ್ಟಿ ಹಿಡಿದ.

“ಟೇಪು ಉಲ್ಟಾ ಓಡಿಸಿ ಆ ದರಿದ್ರ ಸದ್ದು ಹಾಕ್ಬೇಡ ಅಂದೆ. ಹಾಕಿದ್ರೆ ಬೇಕಂತಲೇ ಹಾಕಿದ್ದು ಅಂತ ಫ್ಯಾಕ್ಟರಿಗೆ ಒಂದು ಚೀಟಿನಾದ್ರೂ ಬರಿ ಅಂದೆ!”

“ಬರೆದಿದ್ದೆ ಕಣೋ!”

“ಎಲ್ಲಿದೆ? ಯಾವ ಚೀಟಿನೂ ಬಂದಿಲ್ಲ ಅಂತಾರೆ ಅವರು. ಸುಳ್ಳುಬುರುಕ!”

ಕೊಕ್ಕರೆ ನನ್ನ ಮುಖ ನೋಡಿದ, ಅಕ್ಕ ಏನಾದರೂ ಹೇಳಿಯಾರು ಎಂಬ ಹಾಗೆ. ಚೀಟಿ ನನ್ನ ಕೈಚೀಲದಲ್ಲೇ ಇತ್ತು. ತಮ್ಮನ ಪ್ಲೇಟಿನ ಜೊತೆ ಬಂದದ್ದು, ನೆನಪಿಗಿರಲಿ ಎಂದು ಮಡಿಸಿಟ್ಟುಕೊಂಡಿದ್ದೆ. ಅದರಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನೇ ಗಟ್ಟಿಯಾಗಿ ಹಿಡಿದುಕೊಂಡು ತುಟಿ ಪಿಟಕ್ಕೆನ್ನದೆ ನಿಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಮ್ಮ ಆರ್ಗನ್ ಮುಟ್ಟಲಿಲ್ಲ.

ಆ ಚೀಟಿಯನ್ನು ಇನ್ನೊಬ್ಬರ ಕೈಲಿ ಓದಿಸಲು ಧೈರ್ಯ ಬರಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ನಮ್ಮ ಬೀದಿಯಲ್ಲಿ ರಾತ್ರಿ ಶಾಲೆ ತೆರೆದರು. ನಲವತ್ತೊಂದರ ಹೆಂಗಸು, ಮಕ್ಕಳ ಬೆಂಚಿನಲ್ಲಿ ಮಂಡಿ ಹಿಡಿಸದೆ ಓರೆಯಾಗಿ ಕೂತು ಅಕ್ಷರ ತಿದ್ದಿದೆ. ಯಾಕಮ್ಮ ಈ ವಯಸ್ಸಿನಲ್ಲಿ ಎಂದು ಮೇಷ್ಟ್ರು ಕೇಳಿದಾಗ ಬಸ್ಸಿನ ಬೋರ್ಡು ಓದಲು ಎಂದೆ. ಪಾಠದ ಪುಸ್ತಕದ ಆಚೆ ನಾನು ಮೊದಲು ಓದಿದ್ದು ಆ ಚೀಟಿ: ‘ಮೊದಲ ಬದಿಯ ಕೊನೆಯ ನಾಲ್ಕು ನಿಮಿಷದ ಸದ್ದು ಬೇಕೆಂದೇ ಹಾಕಿದ್ದು. ದಯವಿಟ್ಟು ದೋಷ ಎಂದು ತೆಗೆಯಬೇಡಿ.’ ಕೆಳಗೆ ಕೊಕ್ಕರೆಯ ಸಹಿ.

ಅದೇ ವಾರ ಅವನಿಗೆ ಪತ್ರ ಬರೆದೆ. ನನ್ನ ಜೀವನದ ಮೊದಲ ಪತ್ರ. ಅಂಚೆಗೆ ಹಾಕಲಿಲ್ಲ. ಊರು ಬಿಟ್ಟಿದ್ದಾನೆ, ವಿಳಾಸ ಇಲ್ಲ ಎಂದು ನೆವ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವನಿಗೆ ತಿಳಿದರೆ ತಮ್ಮನಿಗೂ ತಿಳಿಯುತ್ತದೆ. ಒಡಹುಟ್ಟಿದವನು ಎಂದು ನನಗಿರುವವನು ಇವನೊಬ್ಬನೇ.

ದುಪ್ಪಟಿಗಳನ್ನು ಬೀರುವಿನಲ್ಲಿಟ್ಟು ಮೊಮ್ಮಗಳ ಪಕ್ಕ ಕೂತೆ. “ಆ ಬ್ಯಾಂಡಿನವರ ಬಗ್ಗೆ ಏನಾದ್ರೂ ಬರೆದಿದ್ದಾರೇನೇ?”

“ಗಿಟಾರಿನವರ ಸಂದರ್ಶನ ಇದೆ. ಓದ್ಲಾ?”

“ಕೊಡು ಇಲ್ಲಿ, ನನಗೆ ಓದೋಕೆ ಬರುತ್ತೆ.”

ಬೆರಳಿಟ್ಟು ಓದಿದೆ. ಬೇರೆ ಊರಿನ ಒಂದು ವಾದ್ಯದ ಅಂಗಡಿಯಲ್ಲಿ ಮಕ್ಕಳಿಗೆ ಗಿಟಾರು ಕಲಿಸುತ್ತಾನಂತೆ. ಕೊನೆಯಲ್ಲಿ ಹೇಳಿದ್ದ: ‘ಫ್ಯಾಕ್ಟರಿಗೆ ಚೀಟಿ ಬರೆದೆ ಎಂದೇ ಬಹಳ ವರ್ಷ ನಂಬಿದ್ದೆ. ಈಗ ನನಗೇ ನಂಬಿಕೆಯಿಲ್ಲ. ಬರೆಯದೆಯೇ ಬರೆದೆ ಎಂದುಕೊಂಡಿರಬೇಕು. ನನ್ನ ಗೆಳೆಯ ಹೇಳಿದ್ದೇ ನಿಜವಿರಬೇಕು.’

ಇನ್ನು ಕೂತಿರಲು ಆಗಲಿಲ್ಲ. ಗುಂಡಿ ಸೂಜಿ ಇಡುವ ಡಬ್ಬಿಯ ತಳದಿಂದ ಚೀಟಿಯನ್ನೂ ಪತ್ರವನ್ನೂ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ತಮ್ಮ ಒಣಹಾಕುವ ಹಗ್ಗದ ಕೆಳಗೆ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಚೀಟಿಯನ್ನು ಅವನ ಕೈಗಿಟ್ಟೆ.

ಅವನು ಓದಿದ. ಮತ್ತೆ ಓದಿದ.

“ಇದು ಅವನ ಅಕ್ಷರ.”

“ಹೂಂ.”

“ನಿನ್ ಹತ್ರ ಯಾಕಿದೆ?”

ಹೇಳಿದೆ. ಸಂದರ್ಶನದಲ್ಲಿ ಕೊಕ್ಕರೆ ಹೇಳಿದ್ದನ್ನೂ ತಿಳಿಸಿ, ಅಂಚೆಗೆ ಹಾಕದ ಪತ್ರವನ್ನೂ ತೋರಿಸಿದೆ. ಗೀಟು ಎಳೆದದ್ದು ಈ ಕೈ ಎಂದೂ ಹೇಳಿದೆ. ಅವನು ನನ್ನ ಕೈಯನ್ನು ನೋಡಿದ, ಮುಖ ನೋಡಲಿಲ್ಲ.

“ಓದೋಕೆ ಬಂದು ಎಷ್ಟು ವರ್ಷ ಆಯ್ತು ನಿಂಗೆ?”

“ಮೂವತ್ಮೂರು.”

“ಮೂವತ್ಮೂರು ವರ್ಷ. ಮನೆಗೆ ಬಂದಾಗಲೆಲ್ಲ ನನ್ನೆದುರು ಕೂತು ಊಟ ಬಡಿಸಿದ್ದೀಯ.”

ಹಗ್ಗದ ಮೇಲೆ ಉಳಿದಿದ್ದ ದಿಂಬಿನ ಚೀಲವೊಂದು ಗಾಳಿಗೆ ಹೊರಳುತ್ತಿತ್ತು. ಅವನು ಒಳಗೆ ಕೂಗಿದ: “ಮರೀ, ಆ ಹಾಡು ಹಾಕು. ಮೊದಲ ಬದಿಯ ಕೊನೇದು.”

ಕಿಟಕಿಯಿಂದ ಆ ಗುಂಯ್‌ಗುಟ್ಟುವಿಕೆ ಬಂತು. ಈಗ ಹೆಡ್‌ಫೋನಿಲ್ಲದೆ, ತಪ್ಪು ಹುಡುಕದೆ ಕೇಳಿದೆ. ದುಂಬಿಯ ಹಿಂದೆ ಒಂದು ಲೋಹದ ನಾದವಿತ್ತು. ನಮ್ಮ ಅಡುಗೆಮನೆಯ ಮುಚ್ಚಳ.

ನಾಲ್ಕು ನಿಮಿಷ ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ಮುಗಿದ ಮೇಲೆ ಚೀಟಿಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ನನಗೆ ವಾಪಸ್ಸು ಕೊಟ್ಟ.

“ಇದನ್ನೂ ಆ ಪತ್ರದ ಜೊತೆ ಹಾಕು. ಅವನಿಗೆ ಬೇಕು.”

“ನೀನೂ ಒಂದು ಸಾಲು ಬರಿ.”

“ನನ್ ಕೈಲಿ ಇವತ್ತು ಆಗಲ್ಲ.” ಎದ್ದು ಬಕೆಟ್ಟನ್ನು ನೆಟ್ಟಗಿಟ್ಟು, “ನಾಲ್ಕು ಗಂಟೆಗೆ ಅಂಚೆ ಡಬ್ಬಿ ತೆಗೀತಾರೆ. ಮೊದಲು ಚಪ್ಪಲಿ ಹಾಕ್ಕೋ” ಎಂದ.

ಮೊಮ್ಮಗಳು ಅಂಗಡಿಯ ವಿಳಾಸ ಹೇಳಿದಳು, ನಾನು ಲಕೋಟೆಯ ಮೇಲೆ ಬರೆದೆ. ಹಳೆಯ ಪತ್ರವನ್ನು ತಿದ್ದಲಿಲ್ಲ. ತಪ್ಪುಗಳಿದ್ದವು, ಇರಲಿ ಎಂದು ಬಿಟ್ಟೆ. ಬೀದಿಯ ತಿರುವಿನ ಅಂಚೆ ಡಬ್ಬಿಯ ಬಾಯಿ ಕಿರಿದು. ಚೀಟಿಯಿಂದ ದಪ್ಪವಾಗಿದ್ದ ಲಕೋಟೆ ಅರ್ಧಕ್ಕೇ ಸಿಕ್ಕಿಕೊಂಡಿತು. ತಿರುಗಿ ನೋಡಿದರೆ ತಮ್ಮ ಗೇಟಿನ ಹತ್ತಿರ ನಿಂತಿದ್ದ. ಹೆಬ್ಬೆರಳಿನಿಂದ ಒತ್ತಿದೆ. ಅದು ಡಬ್ಬಿಯ ತಳಕ್ಕೆ ಬಿದ್ದ ಸದ್ದು ನನ್ನ ಕಿವಿಗೆ ಚೆನ್ನಾಗಿ ಕೇಳಿಸಿತು.