ಗುಡ್ಡದ ಮೇಲಿನ ಬಾಡಿಗೆ

ಹಾರ್ಕ್‌ಲಿ ಸ್ಟೇಷನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಆ ಚಳಿಗಾಲ ಶಮ್ರೇಜನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅವನ ಕಾರು ಸಾಲಿಗೆ ಬಂದರೆ ಸಾಕು, ಚಹಾ ಹಿಡಿದು ನಿಂತವರು ತಮ್ಮ ತಮ್ಮ ಕಾರು ಹೊಕ್ಕು ಗಾಜು ಏರಿಸಿಕೊಳ್ಳುತ್ತಿದ್ದರು.

ಕಾರಣ ಬಾಡಿಗೆ ದರ. ವರ್ಷಗಳಿಂದ ಕದಲದಿದ್ದ ದರವನ್ನು ಏರಿಸಲು ಊರಾಡಳಿತದ ಕೌನ್ಸಿಲ್ ಕೊನೆಗೂ ಒಪ್ಪಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತ್ತು. ಎರಡು ವಾರದೊಳಗೆ ಯಾರೂ ತಕರಾರು ಎತ್ತದಿದ್ದರೆ ಹೊಸ ದರ ಜಾರಿ. ಗಡುವು ಮುಗಿಯುವ ಹೊತ್ತಿಗೆ ಒಂದು ತಕರಾರು ಬಂತು. ಅಷ್ಟಕ್ಕೇ ಎಲ್ಲ ನಿಂತುಹೋಯಿತು. ಇನ್ನು ಕೌನ್ಸಿಲ್ಲಿನ ಸಮಿತಿ ಮತ್ತೆ ಕೂತು ವಿಚಾರಿಸಬೇಕು. ತಕರಾರು ಯಾರದೆಂದು ಕೌನ್ಸಿಲ್ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ ಎಂದುಕೊಂಡರು ಚಾಲಕರು. ಕೌನ್ಸಿಲ್ ಗೊತ್ತುಮಾಡುವುದು ಗರಿಷ್ಠ ದರ. ಅದಕ್ಕಿಂತ ಕಡಿಮೆ ಪಡೆದರೆ ಯಾರೂ ಕೇಳುವುದಿಲ್ಲ. ಹಾಗೆ ಕಡಿಮೆ ಪಡೆಯುತ್ತಿದ್ದವನು ಶಮ್ರೇಜ್ ಒಬ್ಬನೇ, ಅದೂ ಗುಡ್ಡದ ಮೇಲಿನ ಮುದುಕರಿಂದ.

ಚಾಲಕರ ಸಂಘದ ಅಧ್ಯಕ್ಷ ಗುಲ್ಫ್ರಾಜ್ ಒಂದು ದಿನ ಅವನ ಕಿಟಕಿಗೆ ಬಾಗಿದ.

"ಏನ್ ಭಾಯಿ, ನಿಮ್ಮನೆ ಬಾವೀಲಿ ಡೀಸೆಲ್ ಸೇದ್ತೀರೋ ಹೆಂಗೆ?"

"ಆ ತಕರಾರು ನಾನು ಬರೆದಿದ್ದಲ್ಲ, ಗುಲ್ಫ್ರಾಜ್."

"ಮತ್ಯಾರು ಬರೆದ್ರು?"

ಶಮ್ರೇಜ್ ಗಾಜು ಏರಿಸಿಕೊಂಡ. ಅವನಿಗೆ ಗೊತ್ತಿತ್ತು. ಬರೆದವಳು ಎಡ್ನಾ ಹಾಯ್ಲ್, ಗುಡ್ಡದ ಕೊನೆಯ ಮನೆಯವಳು. ಗುಡ್ಡಕ್ಕೆ ಬರುತ್ತಿದ್ದ ಬಸ್ಸು ನಿಂತುಹೋದ ಮೇಲೆ ಡಯಾಲಿಸಿಸ್ಸಿಗೆ ಆಸ್ಪತ್ರೆಗೆ ಹೋಗಲು ಅವಳಿಗೆ ಟ್ಯಾಕ್ಸಿಯೇ ಗತಿ. "ನೀನು ಬರದ ದಿನ ನಾನು ಬೇರೆಯವರ ಕಾರ್ ಹತ್ತಬೇಕಲ್ಲಪ್ಪ, ಅದಕ್ಕೇ ಬರೆದೆ" ಎಂದು ಅವಳೇ ಹೇಳಿದ್ದಳು.

"ತಪ್ಪೋ ಸರಿಯೋ ನಂಗೊತ್ತಿಲ್ಲ ಆಂಟಿ. ಬೇರೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ" ಎಂದಿದ್ದ ಅವನು. ದರ ಏರುವುದು ಅವನಿಗೂ ಬೇಕಿತ್ತು. ಆದರೆ ಅವಳ ಹೆಸರು ಹೊರಬಿದ್ದರೆ ಯಾವ ಕಾರೂ ಗುಡ್ಡ ಹತ್ತುವುದಿಲ್ಲ. ಆಸ್ಪತ್ರೆ ತಪ್ಪಿದರೆ ಅವಳು ಎಷ್ಟು ದಿನ ಉಳಿದಾಳು?

ಸಮಿತಿ ಕೂತಿತು. ಕೇಳಿದ್ದರಲ್ಲಿ ಅರ್ಧದಷ್ಟೇ ಏರಿಕೆಗೆ ಒಪ್ಪಿತು. ಕೌನ್ಸಿಲ್ ಕಚೇರಿಯ ಮೆಟ್ಟಿಲಿಳಿಯುವಾಗ ಶಮ್ರೇಜನ ಬೆನ್ನ ಹಿಂದೆ ಯಾರೋ, "ಉಂಡ ಮನೆಗೇ ಎರಡು ಬಗೆದ" ಎಂದರು. ತಿರುಗಿ ನೋಡಿದರೆ ಎಲ್ಲರ ಮುಖವೂ ಒಂದೇ ಥರ ಇತ್ತು.

ಆಮೇಲೆ ಅವನ ಕಾರಿನ ಕನ್ನಡಿ ಒಡೆಯಿತು. ಮನೆಯ ಫೋನು ರಿಂಗಾಗುತ್ತಿತ್ತು. ಹೆಂಡತಿ ಎತ್ತಿದರೆ ಆ ಕಡೆ ಯಾರೋ ಉಸಿರಾಡುತ್ತಿದ್ದರು, ಅಷ್ಟೇ. "ಯಾರೋ ಪೋಲಿ ಹುಡುಗ್ರು" ಎಂದು ಅವಳಿಗೆ ಹೇಳಿ, ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ.

ಒಂದು ಮಧ್ಯಾಹ್ನ ಮಂಜು ಗುಡ್ಡದಿಂದ ಕೆಳಗಿಳಿದಿತ್ತು. ಎಡ್ನಾಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಸ್ಟಿಯರಿಂಗ್ ನಡುಗತೊಡಗಿತು. ಮೊದಲು ಸಣ್ಣಗೆ, ಆಮೇಲೆ ಅವನ ಮೊಣಕೈವರೆಗೂ. ಮುಂದೆ ತಿರುವು, ತಿರುವಿನಾಚೆ ಕಲ್ಲುಕ್ವಾರಿಯ ಹೊಂಡ. ಗೇರು ಇಳಿಸಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತ, ಕಾರಿನ ಮಗ್ಗುಲನ್ನು ಕಲ್ಲುಗೋಡೆಗೆ ಉಜ್ಜಿ ನಿಲ್ಲಿಸಿದ.

ಇಳಿದು ನೋಡಿದ. ಮುಂದಿನ ಚಕ್ರದ ಎರಡು ನಟ್ಟುಗಳು ಇರಲೇ ಇಲ್ಲ. ಉಳಿದವು ಬೆರಳಿಗೇ ತಿರುಗುತ್ತಿದ್ದವು.

"ಏನಾಯ್ತಪ್ಪ?"

"ಗಾಳಿ ಕಮ್ಮಿ ಆಗಿದೆ ಆಂಟಿ. ಕೂತಿರಿ." ಡಿಕ್ಕಿಯಿಂದ ಪಾನಾ ತೆಗೆದು, ಉಳಿದ ನಟ್ಟುಗಳನ್ನು ಬಿಗಿ ಮಾಡತೊಡಗಿದ.

ಮಂಜಿನೊಳಗಿಂದ ಎರಡು ದೀಪ ಮೂಡಿದವು. ಕಾರು ಪಕ್ಕಕ್ಕೆ ಬಂದು ನಿಂತಿತು. ಗುಲ್ಫ್ರಾಜ್. ಅವನು ಇಳಿದು ಚಕ್ರ ನೋಡಿದ, ಆಮೇಲೆ ಹೊಂಡದ ಕಡೆ ನೋಡಿದ.

ಎಡ್ನಾ ಗಾಜು ಇಳಿಸಿದಳು. ಅವಳ ಕಣ್ಣು ಮಂದ, ಬುದ್ಧಿ ಚುರುಕು. "ಬರೆದೋಳು ನಾನು ಕಣಯ್ಯ. ಅವನ ಮೇಲ್ಯಾಕೆ ಹಗೆ?"

ಗುಲ್ಫ್ರಾಜ್ ಚಕ್ರದ ಬಳಿ ಕುಕ್ಕರಿಸಿ ಕೂತ.

"ನಿನ್ನ ಮಾತಾಡಿಸ್ಬೇಡಿ ಅಂದಿದ್ದೆ ಶಮ್ರೇಜ್. ಅಷ್ಟೇ ಅಂದಿದ್ದು. ಖುದಾನಾಣೆ."

"ಹಂಗಾದ್ರೆ ಇದ್ಯಾರ ಕೆಲಸ?"

"ಗೊತ್ತಿದ್ರೆ ಹೇಳ್ತಿರ್ಲಿಲ್ವಾ? ಒಬ್ಬನ ಮುಖ ನೆನೆಸ್ಕೊಂಡ್ರೆ ಇವನೇ ಅನ್ಸುತ್ತೆ. ಇನ್ನೊಬ್ಬನ್ನ ನೆನೆಸ್ಕೊಂಡ್ರೆ ಅವನೂ ಇರಬಹುದು ಅನ್ಸುತ್ತೆ."

ತನ್ನ ಕಾರಿನ ಎರಡು ಚಕ್ರಗಳಿಂದ ಒಂದೊಂದು ನಟ್ಟು ಬಿಚ್ಚಿ ಕೊಟ್ಟ. ಆಸ್ಪತ್ರೆಯವರೆಗೂ ಹಿಂದೆಯೇ ಬಂದ.

ಪೊಲೀಸರು ಬಂದು ಕೇಳಿ ಹೋದರು. ಕಂಡವರು ಯಾರೂ ಇರಲಿಲ್ಲ. ಗುಲ್ಫ್ರಾಜ್ ಅಧ್ಯಕ್ಷತೆ ಬಿಟ್ಟ. ಎಡ್ನಾಳ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ, ತಕರಾರು ಶಮ್ರೇಜನದಲ್ಲ ಎಂದಷ್ಟೇ ಸ್ಟ್ಯಾಂಡಿನಲ್ಲಿ ಹೇಳಿದ. ಶಮ್ರೇಜನಿಗೆ ಆಗದ ದಿನ ತಾನೇ ಅವಳನ್ನು ಕರೆದೊಯ್ದ. ಸ್ಟ್ಯಾಂಡಿನಲ್ಲಿ ಮೆಲ್ಲಮೆಲ್ಲಗೆ ಮಾತು ಮರಳಿತು. ಯಾರೋ ಶಮ್ರೇಜನಿಗೆ ಸಮೋಸಾ ನೀಡಿದರು, ಯಾರೋ ಬೆನ್ನು ತಟ್ಟಿ ಮಗಳ ಓದಿನ ಬಗ್ಗೆ ಕೇಳಿದರು. ಅವನೂ ನಕ್ಕು ಉತ್ತರ ಕೊಟ್ಟ. ಚಹಾ ಲೋಟ ಚಾಚಿದ ಪ್ರತಿ ಕೈಯನ್ನೂ ಒಂದು ಗಳಿಗೆ ನೋಡಿ, ಆಮೇಲೆ ಲೋಟ ತೆಗೆದುಕೊಳ್ಳುತ್ತಿದ್ದ.