ತಪ್ಪು ಅಂದವರು ಬೇಕಾಗಿದ್ದಾರೆ

ಆ ಭಾನುವಾರ ಬೆಳಿಗ್ಗೆ ಫೋನ್ ಹಿಡಿದು ಕೂತ ಸಾಹೇಬರು ಮಧ್ಯಾಹ್ನವಾದರೂ ಎದ್ದಿರಲಿಲ್ಲ. ಊಟದ ಮೇಜಿನ ಈ ತುದಿಯಲ್ಲಿ ಅವರು, ಆ ತುದಿಯಲ್ಲಿ ಬಟಾಣಿ ಸುಲಿಯುತ್ತ ಅವರ ಹೆಂಡತಿ. ನಡುವೆ ಕಾಲು ಮಡಿಸಿ ಕೂತ ಮಗಳು ಹಸಿ ಕಾಳುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೀಗಾಗಿ ಬಟ್ಟಲು ತುಂಬುವ ಲಕ್ಷಣವೇ ಇರಲಿಲ್ಲ.

"ಸರಿಯಾಗಿ ನೆನಪು ಮಾಡ್ಕೊಳ್ಳಯ್ಯ," ಸಾಹೇಬರು ಫೋನಿಗೆ ಹೇಳುತ್ತಿದ್ದರು. "ಯಾವತ್ತಾದ್ರೂ ಒಂದಿನ ನೀನು ನನಗೆ, ಸಾರ್, ನೀವು ಮಾಡ್ತಿರೋದು ತಪ್ಪು ಅಂತ ಹೇಳಿದ್ದೀಯಾ?"

"ಛೆ ಛೆ, ಎಂಥ ಮಾತು ಸಾರ್! ನನ್ನ ಬಾಯಲ್ಲಿ ಅಂಥದ್ದು ಬರುತ್ತಾ?"

"ಒಂದೇ ಒಂದು ಸಲ? ಸಣ್ಣದಾದ್ರೂ ನಡೆಯುತ್ತೆ."

"ನಮ್ಮಪ್ಪನಾಣೆ ಇಲ್ಲ ಸಾರ್. ಯಾರು ನಿಮಗೆ ಚಾಡಿ ಹೇಳಿದ್ದು ಹೇಳಿ, ನಾನೇ ಬಂದು ಮುಖಾಮುಖಿ ಮಾತಾಡ್ತೀನಿ."

ಸಾಹೇಬರು ಫೋನ್ ಕೆಳಗಿಟ್ಟು ಕಣ್ಣುಜ್ಜಿಕೊಂಡರು. ಬೆಳಗಿನಿಂದ ಮಾತಾಡಿದವರೆಲ್ಲರದೂ ಇದೇ ಉತ್ತರ. ಹೋದ ತಿಂಗಳವರೆಗೆ ಈ ಉತ್ತರ ಕೇಳಿದ್ದರೆ ಅವರ ಎದೆ ಒಂದು ಗೇಣು ಉಬ್ಬುತ್ತಿತ್ತು. ಇವತ್ತು ಪ್ರತಿಯೊಂದು "ಇಲ್ಲ ಸಾರ್"ಗೂ ಮುಖ ಇಳಿಯುತ್ತ ಬಂದಿತ್ತು.

ಆಗಿದ್ದಿಷ್ಟು. ಪೊಲೀಸ್ ಪಡೆಗೆ ಹೊಸ ಮುಖ್ಯಸ್ಥೆ ಬಂದಿದ್ದರು. ಬಂದವರೇ ಒಂದು ತಿಂಗಳು ಯಾರೊಂದಿಗೂ ಹೆಚ್ಚು ಮಾತಾಡದೆ ಠಾಣೆಯಿಂದ ಠಾಣೆಗೆ ಓಡಾಡಿದರು. ಆಮೇಲೆ ಮೇಲಧಿಕಾರಿಗಳನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಕೆಳಗೆ ಬೆಂಕಿ ಹತ್ತಿದ್ರೂ ಮೇಲಕ್ಕೆ ಬರೋದು ಧೂಪದ ವಾಸನೆ. ಒಬ್ಬೊಬ್ಬರೂ ಸುದ್ದೀನ ಸಿಹಿ ಮಾಡಿ ಕಳಿಸ್ತಾರೆ, ಯಾಕಂದ್ರೆ ಖಾರ ತಂದವನಿಗೆ ವರ್ಗ ಗ್ಯಾರಂಟಿ." ಅಲ್ಲಿಗೆ ಮೇಲಿನ ಹತ್ತು ಹುದ್ದೆಗಳು ರದ್ದಾಗಿ ಆರಾದವು. ಸಾಹೇಬರೂ ಸೇರಿ ಹತ್ತೂ ಮಂದಿ ಹೊಸದಾಗಿ ಅರ್ಜಿ ಹಾಕಬೇಕು. ಹೊರಗಿನ ಮೂವರ ಸಮಿತಿಯ ಮುಂದೆ ಕೂತು ಉತ್ತರ ಹೇಳಬೇಕು. ಆಯ್ಕೆಯಾಗದವರಿಗೆ ಗೌರವದ ನಿವೃತ್ತಿ.

ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಮುಖ್ಯಸ್ಥೆ ಮೊದಲೇ ಎಲ್ಲರಿಗೂ ತಿಳಿಸಿಬಿಟ್ಟಿದ್ದರು. ನಿಮ್ಮ ಕೈಕೆಳಗಿನವರೊಬ್ಬರು ನಿಮ್ಮ ತಪ್ಪನ್ನು ನಿಮಗೇ ತೋರಿಸಿದ ಸಂದರ್ಭ ಯಾವುದು, ಆಮೇಲೆ ನೀವೇನು ಮಾಡಿದಿರಿ? ಅವರ ಹೆಸರನ್ನೂ ಹೇಳಬೇಕು, ಸಮಿತಿಯವರು ಅವರಿಗೇ ಫೋನ್ ಮಾಡಿ ವಿಚಾರಿಸುತ್ತಾರೆ.

"ಮೀಸೆ ಏನು ಹೇಳ್ತಾನಂತೆ?" ಮಗಳು ಕೇಳಿದಳು. ಮೀಸೆ ಎಂದರೆ ಸಾಹೇಬರ ಸಹೋದ್ಯೋಗಿ. ಅವರ ಮೀಸೆ ಬಾಗಿಲು ದಾಟಿದ ಮೇಲೆ ಅವರು ದಾಟುತ್ತಾರೆ ಎಂದು ಇಲಾಖೆಯಲ್ಲೆಲ್ಲ ಮಾತಿತ್ತು.

"ಅವನ ಡ್ರೈವರ್ ಒಂದು ಸಲ, ಸಾರ್, ಈ ದಾರಿ ತಪ್ಪು ಅಂದನಂತೆ. ಇವನು ತಕ್ಷಣ ಗಾಡಿ ತಿರುಗಿಸು ಅಂದನಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಕಥೆ ಕಟ್ಟಿದ್ದಾನೆ." ಸಾಹೇಬರ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. "ನನ್ನ ಡ್ರೈವರಿಗೆ ದಾರಿಯೆಲ್ಲ ಗೊತ್ತು, ಏನು ಮಾಡ್ಲಿ?"

ಮಗಳು ಬಿದ್ದು ಬಿದ್ದು ನಕ್ಕಳು. ಅವಳು ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ನರ್ಸು. "ನಮ್ಮಲ್ಲಿ ಹೊಲಿಗೆ ಹಾಕೋ ಮುಂಚೆ ರಕ್ತ ಒರೆಸಿದ ಬಟ್ಟೆ ತುಂಡುಗಳ ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ, ಎಷ್ಟೇ ದೊಡ್ಡ ಡಾಕ್ಟರ್ ಆದ್ರೂ ನಾನು ನಿಲ್ಲಿ ಅಂತೀನಿ, ಅವರು ನಿಲ್ತಾರೆ. ಬೈಕೊಂಡೇ ನಿಲ್ತಾರೆ, ಆದ್ರೆ ನಿಲ್ತಾರೆ. ಇಷ್ಟು ವರ್ಷದಲ್ಲಿ ನಿನಗೆ ಒಬ್ಬರೂ ನಿಲ್ಲಿ ಅಂದಿಲ್ವಾ ಅಪ್ಪ?"

"ನಾನು ತಪ್ಪು ಮಾಡಿದ್ರೆ ತಾನೇ ಅನ್ನೋದು!"

"ಅಮ್ಮ, ಕೇಳಿಸ್ಕೊಂಡ್ಯಾ? ಒಂದೂ ತಪ್ಪು ಮಾಡಿಲ್ವಂತೆ." ಅವಳು ತಾಯಿಯ ಕಡೆ ತಿರುಗಿದಳು. "ಅದಿರಲಿ, ನೀನು ಯಾವತ್ತಾದ್ರೂ ಹೇಳಿದ್ದೀಯಾ?"

ತಮಾಷೆಗೆ ಕೇಳಿದ ಮಾತು. ಆದರೆ ತಾಯಿಯ ಹೆಬ್ಬೆರಳು ಸಿಪ್ಪೆಯ ನಡುವೆಯೇ ನಿಂತುಬಿಟ್ಟಿತು.

ಇಲ್ಲ, ಹೇಳಿರಲಿಲ್ಲ. ಅವಳ ಗಂಡ ಕೆಟ್ಟವನಲ್ಲ. ಕೈ ಶುದ್ಧ, ಬಾಯಿ ಮಾತ್ರ ಗುಡುಗು. ಗುಡುಗುವ ಮನೆಯಲ್ಲಿ ಮಗುವನ್ನು ಮಲಗಿಸಿ ಎಬ್ಬಿಸಿ ದೊಡ್ಡದು ಮಾಡಬೇಕಾದವಳು ಅವಳು. "ಸರಿ ರೀ" ಎಂದರೆ ಆ ಹೊತ್ತು ತಣ್ಣಗೆ ಕಳೆಯುತ್ತಿತ್ತು, ಹಾಲು ಉಕ್ಕುವ ಮೊದಲೇ ಒಲೆ ಸಣ್ಣ ಮಾಡಿದ ಹಾಗೆ. ಹಾಗೆ ಸಣ್ಣ ಮಾಡಿ ಮಾಡಿ, ಮನೆಯೊಳಗಿನ "ಸರಿ ರೀ"ಗೂ ಕಚೇರಿಯ "ಎಸ್ ಸಾರ್"ಗೂ ಏನು ವ್ಯತ್ಯಾಸ ಉಳಿದಿದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

ಗಂಡನ ಮುಖ ನೋಡಿದಳು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ರಕ್ತದೊತ್ತಡದ ಮಾತ್ರೆಯನ್ನು ಎರಡು ಸಲ ನೆನಪಿಸಬೇಕಾಗಿತ್ತು. ಈ ಕೆಲಸ ಹೋದರೆ ಈ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಅವರು ಹುಡುಕುತ್ತಿರುವ ಉತ್ತರವೋ ಅವಳ ಹತ್ತಿರವೇ ಇದೆ. ಹೇಳಿದರೆ ಏನು ಒಡೆಯುತ್ತದೋ ಗೊತ್ತಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಒಬ್ಬರು ಹೇಳಿದ್ದಾರೆ ರೀ," ಎಂದಳು ಕೊನೆಗೆ. "ಸೇತುವೆ ದಿವಸ."

"ಯಾವ ಸೇತುವೆ?"

"ಮೆರವಣಿಗೆ ಬಂದಿತ್ತಲ್ಲ, ಆವತ್ತು. ಆ ಇನ್‌ಸ್ಪೆಕ್ಟರಮ್ಮ."

ಸಾಹೇಬರ ಹುಬ್ಬು ಮೇಲೇರಿತು. "ಅವಳಾ! ಅದು ತಪ್ಪು ತೋರಿಸಿದ್ದಲ್ಲ ಕಣೇ, ಆಜ್ಞೆ ಮೀರಿದ್ದು. ಸೇತುವೆಯ ಎರಡೂ ಬದಿ ಮುಚ್ಚು ಅಂತ ವೈರ್‌ಲೆಸ್‌ನಲ್ಲಿ ನಾನೇ ಹೇಳಿದ್ದೆ. ಅವಳು ಒಂದು ಬದಿ ತೆಗೆದುಬಿಟ್ಟಳು. ಅಷ್ಟಾದರೂ ಆವತ್ತು ನನ್ನ ಬಂದೋಬಸ್ತಿನಲ್ಲಿ ಒಬ್ಬರಿಗೂ ತರಚುಗಾಯ ಆಗ್ಲಿಲ್ಲ."

"ಆಗದೆ ಇದ್ದದ್ದು ಅವರು ತೆಗೆದಿದ್ದಕ್ಕೆ."

ಮಗಳು ಅಗಿಯುವುದನ್ನು ನಿಲ್ಲಿಸಿದಳು.

"ನಿಮಗೆ ಗೊತ್ತಿಲ್ಲ," ಎಂದಳು ಹೆಂಡತಿ. "ಆವತ್ತು ಸಂಜೆ ಅವರು ಕ್ಷಮೆ ಕೇಳೋಕೆ ಮನೆಗೆ ಬಂದಿದ್ರು. ನೀವು ಹೊರಗೇ ನಿಲ್ಲಿಸಿ ಬೈದು ಒಳಗೆ ಬಂದ್ರಿ. ನಾನು ನೀರು ತಗೊಂಡು ಹೋದೆ. ಜನ ಎರಡೂ ಕಡೆಯಿಂದ ನುಗ್ತಾ ಇದ್ರಂತೆ. ಮಧ್ಯದಲ್ಲಿ ಮಕ್ಕಳ ತಳ್ಳುಗಾಡಿ ಹಿಡ್ಕೊಂಡು ಹೆಂಗಸರಿದ್ರಂತೆ. ಮೂರು ಸಲ ನಿಮಗೆ, ಸಾರ್, ಎರಡೂ ಮುಚ್ಚಬೇಡಿ, ಕಾಲ್ತುಳಿತ ಆಗುತ್ತೆ ಅಂತ ಹೇಳಿದ್ರಂತೆ. ಮಾರನೆ ವಾರ ಅವರನ್ನ ಗೋದಾಮಿಗೆ ಹಾಕಿದ್ರಿ." ಒಂದು ಉಸಿರು ತೆಗೆದುಕೊಂಡಳು. "ಆವತ್ತು ನೀವು ಮಾಡಿದ್ದು ತಪ್ಪು ರೀ. ಆವತ್ತೇ ಹೇಳಬೇಕಿತ್ತು ನಾನು."

ಸಾಹೇಬರು ಎದ್ದರು. ಕುರ್ಚಿ ಕಿರ್ ಎಂದಿತು. ಅವಳು ಗುಡುಗಿಗೆ ಕಾದಳು. ಗುಡುಗು ಬರಲಿಲ್ಲ. ಅವರು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಹೊರಗೆ ಪಕ್ಕದ ಮನೆಯವರು ಕಾರು ತೊಳೆಯುತ್ತಿದ್ದರು. ಸೋಪಿನ ನೊರೆ ರಸ್ತೆಯ ಅಂಚಿನಲ್ಲಿ ಹರಿಯುವುದನ್ನು, ಅದೇ ಜಗತ್ತಿನ ಮುಖ್ಯ ವಿಷಯವೆಂಬಂತೆ ನೋಡುತ್ತ ನಿಂತರು.

"ಮೂರು ಸಲ ಅಂದಳಾ?" ತಿರುಗದೆಯೇ ಕೇಳಿದರು.

"ಮೂರು ಸಲ."

"ನನಗೆ ಒಂದೇ ನೆನಪು. ಅದೂ, ಬಾಯಿ ಮುಚ್ಚು ಅಂತ ನಾನು ಅಂದದ್ದು."

ಮಗಳು ಸದ್ದಿಲ್ಲದೆ ಫೋನನ್ನು ಮೇಜಿನ ಮೇಲೆ ಅಪ್ಪನ ಕಡೆಗೆ ಸರಿಸಿದಳು.

ಹೆಸರು ಹೇಳಬೇಕೆಂದರೆ ಮೊದಲು ಕೇಳುವುದು ಮರ್ಯಾದೆ. ಸಾಹೇಬರು ಗಂಟಲು ಸರಿಮಾಡಿಕೊಂಡು ಇನ್‌ಸ್ಪೆಕ್ಟರಮ್ಮನಿಗೆ ಕರೆ ಮಾಡಿದರು. ಮಗಳು ಕೈ ಚಾಚಿ ಸ್ಪೀಕರ್ ಒತ್ತಿದಳು, ಅವರು ಬೇಡ ಎನ್ನಲಿಲ್ಲ.

"ಸಾರ್!" ಎಂದಿತು ಆ ಕಡೆಯ ದನಿ. ಕುರ್ಚಿ ಹಿಂದೆ ಸರಿದ ಸದ್ದು. ಭಾನುವಾರ, ಮನೆಯಲ್ಲಿ, ಫೋನಿನಲ್ಲಿ, ಆದರೂ ಎದ್ದು ನಿಂತಿದ್ದರು. "ನನ್ನಿಂದ ಏನಾದ್ರೂ ತಪ್ಪಾಯ್ತಾ ಸಾರ್?"

"ಇಲ್ಲಮ್ಮ, ಕೂತ್ಕೊಳ್ಳಿ. ಸೇತುವೆ ದಿವಸ ನೀವು ನನಗೆ ಏನು ಹೇಳಿದ್ರಿ?"

"ಕ್ಷಮಿಸಿ ಸಾರ್ ಅಂತ ಹೇಳ್ದೆ."

"ಅದಕ್ಕೆ ಮುಂಚೆ."

ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು, ಯಾರೋ ಅದನ್ನು ಆರಿಸಿದರು.

"ಅದನ್ನ ಹೇಳಿದ್ದಕ್ಕೇ ಸಾರ್ ನಾನು ಗೋದಾಮಿನಲ್ಲಿ ಹಳೇ ಹೆಲ್ಮೆಟ್ ಎಣಿಸ್ತಾ ಕೂತಿರೋದು. ಈಗ ಇನ್ನೊಂದ್ಸಲ ಹೇಳಿದ್ರೆ ಎಲ್ಲಿಗೆ ಕಳಿಸ್ತೀರಿ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಸಾಹೇಬರ ಕಿವಿ ಕೆಂಪಾಯಿತು. ಒಡೆಯುವುದಿದ್ದರೆ ಈಗಲೇ ಒಡೆಯಬೇಕು ಎಂದುಕೊಂಡಳು ಹೆಂಡತಿ.

"ಎಲ್ಲಿಗೂ ಕಳಿಸಲ್ಲ," ಎಂದರು ಸಾಹೇಬರು. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿಕೊಂಡು: "ನೀವು ಹೇಳಿದ್ದು ಸರಿ ಇತ್ತು. ಸಮಿತಿಯವರಿಗೆ ನಿಮ್ಮ ಹೆಸರು ಹೇಳ್ಲಾ? ಬೇಡ ಅಂದ್ರೆ ಬೇಡ."

"ಅವರು ನನ್ನ ಕೇಳಿದ್ರೆ ನಾನು ಇದ್ದದ್ದು ಇದ್ದ ಹಾಗೆ ಹೇಳೋದು ಸಾರ್. ಬಾಯಿ ಮುಚ್ಚು ಅಂದಿದ್ದೂ ಸೇರಿಸಿ."

"ಸೇರಿಸಿ."

"ಹೊರಗೆ ನಿಲ್ಲಿಸಿದ್ದೂ."

"ಅದೂ... ಸರಿ, ಅದನ್ನೂ ಸೇರಿಸಿ."

"ಹಾಗಾದ್ರೆ ಹೇಳಿ ಸಾರ್," ಎಂದರು ಇನ್‌ಸ್ಪೆಕ್ಟರಮ್ಮ. ಕುರ್ಚಿಯ ಮೇಲೆ ಕೂತ ಸದ್ದು ಆಗ ಕೇಳಿಸಿತು.

ಬುಧವಾರ ಸಮಿತಿಯ ಮುಂದೆ ಸಾಹೇಬರ ಸರದಿ. ಅವರು ಹೋದ ಮೇಲೆ ಹೆಂಡತಿ ಹಾಸಿಗೆಯ ಹೊದಿಕೆಗಳನ್ನೆಲ್ಲ ತೆಗೆದು ಒಗೆಯಲು ಹಾಕಿದಳು. ಒಗೆದದ್ದನ್ನು ಮರೆತು ಮತ್ತೆ ಒಗೆಯಲು ಹಾಕಿದಳು. ಮಧ್ಯಾಹ್ನ ಗಂಡ ಬಂದಾಗ ಮುಖ ನೋಡಿ ಏನೂ ತಿಳಿಯಲಿಲ್ಲ. ಅವರು ಶೂ ಬಿಚ್ಚಿ, ಎರಡು ಲೋಟ ನೀರು ಕುಡಿದು, ತಾವೇ ಹೇಳಿದರು.

"ಎಲ್ಲಾ ಹೇಳ್ದೆ. ಆಮೇಲೆ ಏನು ಮಾಡಿದ್ರಿ ಅಂತ ಕೇಳಿದ್ರು. ವರ್ಗ ಮಾಡ್ದೆ ಅಂದೆ. ಈ ವಿಷಯ ನಿಮಗೆ ಯಾವಾಗ ಅರ್ಥ ಆಯ್ತು ಅಂತ ಆಮೇಲೆ ಕೇಳಿದ್ರು."

"ಏನಂದ್ರಿ?"

"ಭಾನುವಾರ ಅಂದೆ. ಹೆಂಡತಿ ಹೇಳಿದ ಮೇಲೆ ಅಂದೆ." ಅವರು ಲೋಟ ಕೆಳಗಿಟ್ಟರು. "ಕೆಲಸ ಹೋಯ್ತು ಅಂತಲೇ ಇಟ್ಕೋ. ಆದ್ರೆ ವಿಚಿತ್ರ ನೋಡು, ಹೊರಗೆ ಬರುವಾಗ ಹಸಿವಾಗ್ತಿತ್ತು."

ಅವಳು ಊಟ ಬಡಿಸಿದಳು. ಅವರು ತಲೆಯೆತ್ತದೆ ಉಂಡು, ಎರಡನೆಯ ಸಲವೂ ಬಡಿಸಿಕೊಂಡು, ಕೂತ ಕುರ್ಚಿಯಲ್ಲೇ ನಿದ್ದೆ ಹೋದರು. ಕೆಲಸ ಇದ್ದರೂ ಹೋದರೂ ಈ ನಿದ್ದೆ ಬಂತಲ್ಲ ಎಂದುಕೊಂಡು ಅವಳು ಕಿಟಕಿಯ ಪರದೆ ಎಳೆದಳು.

ಫಲಿತಾಂಶ ಶುಕ್ರವಾರ ಸಂಜೆ ಬಂತು. ಫೋನ್ ಮಾಡಿದವರು ಸ್ವತಃ ಮುಖ್ಯಸ್ಥೆ. ಸಾಹೇಬರು ನಿಂತುಕೊಂಡೇ "ಹೌದು ಮೇಡಂ, ತಿಳೀತು ಮೇಡಂ, ಆಗಲಿ ಮೇಡಂ" ಎನ್ನುವುದನ್ನು ತಾಯಿ ಮಗಳು ಅಡುಗೆಮನೆಯ ಬಾಗಿಲಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೇಳಿದರು. ಫೋನ್ ಇಟ್ಟವರು ಅಲ್ಲೇ ಸೋಫಾದ ಮೇಲೆ ಕುಸಿದು ಕೂತರು.

"ಅಪ್ಪ, ಏನಾಯ್ತು ಹೇಳು ಮೊದಲು!"

"ಉಳೀತು," ಎಂದರು. "ಆರರಲ್ಲಿ ಒಂದು. ಒಂದು ವರ್ಷ ಪರೀಕ್ಷೆಯ ಅವಧಿಯಂತೆ. ಮುಂದಿನ ಸಲ ಈ ಪ್ರಶ್ನೆ ನನ್ನ ಕೇಳಲ್ವಂತೆ, ನನ್ನ ಕೈಕೆಳಗಿನವರನ್ನ ಕೇಳ್ತಾರಂತೆ. ಇನ್‌ಸ್ಪೆಕ್ಟರಮ್ಮ ಸೋಮವಾರದಿಂದ ಕಂಟ್ರೋಲ್ ರೂಮಿನ ಮುಖ್ಯಸ್ಥರು. ಬಂದೋಬಸ್ತಿನ ದಿನ ನನ್ನ ಆಜ್ಞೆಯನ್ನ ತಡೆದು ನಿಲ್ಲಿಸೋ ಅಧಿಕಾರ ಅವರಿಗೆ ಇದೆಯಂತೆ."

ಹೆಂಡತಿಯ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮತ್ತೆ ಮೀಸೆ?" ಎಂದಳು ಮಗಳು.

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಸಮಿತಿಯವರು ಅವನ ಡ್ರೈವರಿಗೆ ಫೋನ್ ಮಾಡಿದ್ರಂತೆ. ಪಾಪ, ಆ ಡ್ರೈವರ್ ಸ್ವಾಮಿಭಕ್ತ. ಸಾಹೇಬ್ರು ದಾರಿ ತಪ್ಪೋದಾ? ಯಾವ ಬಾಯಿಬಡುಕ ಹೇಳಿದ್ದು? ಜನ್ಮದಲ್ಲಿ ತಪ್ಪಿಲ್ಲ! ಅಂತ ಅವರಿಗೇ ದಬಾಯಿಸಿದನಂತೆ." ನಗುನಗುತ್ತಲೇ ಅವರ ಮುಖ ಗಂಭೀರವಾಯಿತು. "ನನ್ನ ಡ್ರೈವರೂ ಅದನ್ನೇ ಹೇಳ್ತಿದ್ದ ಕಣೇ."

ಏನೋ ಹೊಳೆದವರಂತೆ ಸಾಹೇಬರು ದಡಕ್ಕನೆ ಎದ್ದರು. ಹಳೆಯ ಚುರುಕು ಮೈಗೆ ಮರಳಿತ್ತು. "ಇನ್‌ಸ್ಪೆಕ್ಟರಮ್ಮನಿಗೆ ಈಗಲೇ ಫೋನ್ ಮಾಡ್ತೀನಿ. ಇಲ್ಲಿಗೇ ಬರೋಕೆ ಹೇಳ್ತೀನಿ. ಆವತ್ತು ಹೊರಗೆ ನಿಲ್ಲಿಸಿದ್ನಲ್ಲ, ಇವತ್ತು ಒಳಗೆ ಕರೆದು ಕೂರಿಸಿ..."

"ಬೇಡ ರೀ."

ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಸಾಹೇಬರು ಫೋನ್ ಹಿಡಿದ ಕೈಯನ್ನು ಹಾಗೇ ಮೇಲೆತ್ತಿಕೊಂಡು ತಿರುಗಿದರು. ಹುಬ್ಬು ಗಂಟಿಕ್ಕಿತ್ತು.

"ಯಾಕೆ ಬೇಡ?"

"ಶುಕ್ರವಾರ ಸಂಜೆ. ಅವರು ಮನೆಯವರ ಜೊತೆ ಇರ್ತಾರೆ. ನೀವು ಬನ್ನಿ ಅಂದ್ರೆ ಅದು ಆಜ್ಞೆ ಆಗುತ್ತೆ, ಊಟ ಬಿಟ್ಟು ಓಡಿಬರ್ತಾರೆ. ಸಂತೋಷ ನಿಮ್ಮದು, ತೊಂದರೆ ಅವರದ್ದು. ಸೋಮವಾರ ನೀವೇ ಕಂಟ್ರೋಲ್ ರೂಮಿಗೆ ಹೋಗಿ ಹೇಳಿ."

ಮಗಳು ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು. ಸಾಹೇಬರ ಬಾಯಿ ತೆರೆಯಿತು. ಏನೋ ಬರಬೇಕಾಗಿದ್ದದ್ದು ಅರ್ಧ ದಾರಿಯಲ್ಲೇ ನಿಂತಿತು. ಬಾಯಿ ಮುಚ್ಚಿತು.

"ಬೈಕೊಂಡೇ ನಿಲ್ತಾರೆ," ಎಂದು ಮಗಳು ಮೆಲ್ಲಗೆ ಗೊಣಗಿದಳು.

"ನಾನೇನೂ ಬೈಲಿಲ್ಲ," ಎಂದರು ಸಾಹೇಬರು. ಫೋನನ್ನು ಜೇಬಿಗೆ ಹಾಕಿಕೊಂಡರು. "ಸೋಮವಾರ ಅಂದ್ಯಲ್ಲ. ಬೆಳಿಗ್ಗೆ ಹೋಗ್ಲಾ, ಮಧ್ಯಾಹ್ನ ಹೋಗ್ಲಾ?"

"ಮಧ್ಯಾಹ್ನ," ಎಂದಳು ಅವಳು. "ಮೊದಲ ದಿನ ಅಲ್ವಾ, ಬೆಳಿಗ್ಗೆ ಅವರಿಗೆ ಕೈತುಂಬ ಕೆಲಸ ಇರುತ್ತೆ."

"ಹೌದಲ್ಲ," ಎಂದರು ಸಾಹೇಬರು.